ಹಗೇವಿನಲ್ಲಿ ಒಂದು ಗಡ್ಡೆ

ನವೆಂಬರಿನಲ್ಲಿ ಕೆರೆಯನ್ನು ಗರಗಸ ಹಿಡಿದು ಕೊಯ್ದೆವು.
ದಿಮ್ಮಿ ದಿಮ್ಮಿಯಾಗಿ ಎದ್ದು ಬಂತು ನೀಲಿ ನೀರು,
ಅಂಗಳದಲ್ಲಿ ಸೌದೆಯ ಹಾಗೆ ಒಟ್ಟಿದೆವು.
ನಾವು ಕುಡಿಯುವುದು ಅದನ್ನೇ.
ದಿನಕ್ಕೊಂದು ಗಡ್ಡೆ ಒಳತಂದು ಒಲೆಯ ಪಕ್ಕ ಇಟ್ಟರೆ
ಸಂಜೆಗೆ ಚಹಾ.
ಒಟ್ಟಿಲು ಇಳಿದಷ್ಟು ಚಳಿಗಾಲ ಇಳಿಯಿತು ಅಂತ ಲೆಕ್ಕ.
ಗೋಡೆಯ ಕ್ಯಾಲೆಂಡರನ್ನು ನಾನು ನಂಬುವುದಿಲ್ಲ,
ಅದನ್ನು ಕುಡಿಯಲು ಬರುವುದಿಲ್ಲ.

ಇವತ್ತು ಮೈನಸ್ ಐವತ್ತೆರಡು.
ನಸುಕಿನ ನಾಲ್ಕಕ್ಕೆ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬಲು ಹೊರಟೆ,
ರೆಪ್ಪೆಗೆ ರೆಪ್ಪೆ ಅಂಟಿತು, ಉಜ್ಜಿ ಬಿಡಿಸಿಕೊಂಡೆ.
ಇಷ್ಟು ಚಳಿಗೆ ಮಕ್ಕಳಿಗೆ ರಜೆ.
ಮಗಳು ಕ್ಯುನ್ನೆ ಇನ್ನೂ ಮಲಗಿದ್ದಾಳೆ.
ಬಾಯ್ಲರಿಗೆ ರಜೆಯಿಲ್ಲ, ಅದರ ಆಳಿಗೂ.

ಊರಿಗೊಂದು ದಾರಿಯಾದರೆ ಪೋಕನಿಗೊಂದು ದಾರಿಯಂತೆ.
ನಮ್ಮ ಮನೆಗೆ ಎರಡು, ಎರಡೂ ಅಲ್ದಾನ್ ನದಿಯೇ.
ಗಟ್ಟಿಯಾದಾಗ ಅದರ ಬೆನ್ನ ಮೇಲೆ ತಮ್ಮ ಕೆಸ್ಕಿಲನ ಲಾರಿ,
ಕರಗಿದಾಗ ಅಕ್ಕ ಒಗ್ದೋ ಅಡುಗೆ ಮಾಡುವ ಹಡಗು.
ಚಳಿಗಾಲವಿಡೀ ಅವಳು ದೂರದ ಬಂದರಿನ ಹಾಸ್ಟೆಲಿನಲ್ಲಿ,
ಬೇಸಿಗೆಯಿಡೀ ಅವನು ಗಣಿಯ ಧೂಳಿನಲ್ಲಿ.
ಅವನು ಬಿಟ್ಟುಹೋದ ಕೈಗವಸು ಇವಳು ಬಂದಾಗ ಸಿಗುತ್ತದೆ,
ಹೊಲಿದಿಟ್ಟು ಹೋಗುತ್ತಾಳೆ, ಅವನು ಬಂದು ಹಾಕಿಕೊಳ್ಳುತ್ತಾನೆ.
ಅಷ್ಟೇ ಅವರ ಮಾತುಕತೆ.

ಮೂವರೂ ಒಂದೇ ಮೇಜಿಗೆ ಕೂತು ಒಂಬತ್ತು ವರ್ಷ.
ಆವತ್ತು ಅಪ್ಪನ ಬೂದು ಕುದುರೆ ಯಾರಿಗೆ ಅಂತ ಜಗಳ.
ಕುದುರೆ ಈಗಿಲ್ಲ,
ಜಗಳವಾಡಿದವರು ಇದ್ದೇವೆ.

ಬೆಂಕಿಗೆ ಬೆಣ್ಣೆಯ ಚೂರು ಹಾಕಿ ಬೇಡಿಕೊಳ್ಳುವಾಗ
ನನ್ನ ನಾಲಿಗೆ ತಡವರಿಸುತ್ತದೆ.
ಇನ್ನಷ್ಟು ಚಳಿ ಕೊಡು, ಲಾರಿಯ ಭಾರಕ್ಕೆ ನದಿ ಬಾಯಿ ಬಿಡದಿರಲಿ.
ಬೇಗ ಕರಗಿಸು, ಹಡಗು ಬರಲಿ.
ಬೆಂಕಿ ಎರಡನ್ನೂ ಕೇಳಿ ಚಟಪಟ ಅನ್ನುತ್ತದೆ,
ನಕ್ಕಿತೋ ಬೈಯಿತೋ ತಿಳಿಯುವುದಿಲ್ಲ.

ನಿನ್ನೆ ರಾತ್ರಿ ಕೆಸ್ಕಿಲ್ ಫೋನು ಮಾಡಿದ.
ಏಪ್ರಿಲ್ ಹದಿನೈದಕ್ಕೆ ಹಿಮದ ದಾರಿ ಮುಚ್ಚುತ್ತಾರೆ,
ಹದಿನಾಲ್ಕಕ್ಕೆ ಬರುತ್ತೇನೆ ಅಂದ.
ವಾಪಸ್ ಹೇಗೆ ಹೋಗುತ್ತೀಯೋ?
ಹೋಗುವುದಿಲ್ಲ. ಹಡಗು ಬರುವವರೆಗೆ ನಿನ್ನ ಕಲ್ಲಿದ್ದಲು ಹೊರುತ್ತೇನೆ.
ಏಳು ವಾರದ ಸಂಬಳ ಹೋಗುತ್ತಲ್ಲೋ, ಅಂದೆ.
ಆ ತುದಿಯಲ್ಲಿ ಎಂಜಿನ್ನು ಗುರುಗುಟ್ಟುತ್ತಿತ್ತು,
ಅಕ್ಟೋಬರಿನಿಂದ ಆರಿಸದ ಎಂಜಿನ್ನು,
ಆರಿಸಿದರೆ ಮತ್ತೆ ಹೊತ್ತದು.
ಇದನ್ನೂ ಒಂದು ಸಲ ಆರಿಸಬೇಕಲ್ಲಕ್ಕ, ಅಂದ.
ಫೋನು ಕಡಿಯಿತು. ಅಥವಾ ಅವನೇ ಇಟ್ಟನೋ.

ಬಾಯ್ಲರಿನಿಂದ ಬಂದವಳೇ ಒಟ್ಟಿಲು ಕೆದಕಿದೆ.
ಒಳಗೆ ಬಿರುಕಿಲ್ಲದ್ದು, ಗುಳ್ಳೆಯಿಲ್ಲದ್ದು ಬೇಕಿತ್ತು.
ಸಿಕ್ಕಿದ್ದರಲ್ಲಿ ಒಂದು ಜೊಂಡಿನ ಎಲೆ
ಬಾಗಿದ್ದು ಬಾಗಿದ ಹಾಗೇ ನಿಂತಿತ್ತು.
ಇರಲಿ ಅಂತ ಅದನ್ನೇ ಹಗೇವಿಗೆ ಇಳಿಸಿದೆ.
ಜುಲೈಯಲ್ಲೂ ಕರಗದ ನೆಲ ನಮ್ಮದು.
ಕಲ್ಲಿದ್ದಲ ಚೂರಿನಿಂದ ಮೇಲೆ ಬರೆದೆ: ಮುಟ್ಟಬೇಡಿ.

ಜೂನಿನಲ್ಲಿ ನದಿ ತುಂಬಾ ನೀರಿರುತ್ತೆ, ಇದ್ಯಾಕಮ್ಮ?
ಕ್ಯುನ್ನೆಯ ಪ್ರಶ್ನೆ ಸರಿಯಾದದ್ದೇ.
ನಿನ್ನ ದೊಡ್ಡಮ್ಮ ಈ ಕೆರೆಯ ಚಳಿಗಾಲ ಕುಡಿದು ಎಷ್ಟು ಕಾಲವಾಯಿತು, ಅಂದೆ.
ಅವಳಿಗೆ ಅರ್ಥವಾಗಲಿಲ್ಲ, ಹಾಲಿನ ಹೆಪ್ಪು ನೆಕ್ಕುತ್ತ ಒಳಗೆ ಓಡಿದಳು.

ಅಂಗಳದಲ್ಲಿ ಇನ್ನು ನೂರಾ ಹದಿನೇಳು.
ಎಣಿಸಿದೆ, ತಪ್ಪಿರಬಹುದೆಂದು ಮತ್ತೆ ಎಣಿಸಿದೆ.
ಆಮೇಲೆ, ಬಟ್ಟೆ ಒಗೆಯುವ ನೆಪ ಹೂಡಿ
ಇವತ್ತು ಎರಡು ಗಡ್ಡೆ ಕರಗಿಸಿದೆ.