ವ್ಯಯ ಸಂವತ್ಸರದ ಮೊಳೆಗಳು

ಗದಗ, ೧೯೪೬

ಆರಿನ ಮೊಳೆ ಏಳೇ ಇದ್ದವು ನಮ್ಮ ಕೇಸಿನಲ್ಲಿ.
ಅಂದಾನಪ್ಪ ಮಾಸ್ತರರ ಪುಸ್ತಿಕೆಗೆ
ಪುಟಪುಟಕ್ಕೂ ಮೂರು ಬೇಕು:
ಮೇಲೆ ೮೬೬, ಕೆಳಗೆ ೧೯೪೬.
“ಹದಿನೆಂಟು ಸುತ್ತು ಹಾಕಿ ಅದ ವ್ಯಯ ತಿರುಗಿ ಬಂದೈತಿ, ದಾವಲಸಾಬ.
ಆ ಸಲ ಲೋಕದಾಗ ಏನೇನು ನಡೀತು
ಮಂದಿಗೆ ತಿಳೀಬೇಕು.”

ಮಂದಿಗೆ ಬೇಕಾದದ್ದು ಸೀಮೆಎಣ್ಣೆ.
ಚೀಟಿ ಹಿಡಿದವರ ಸಾಲು ಟಾಂಗಾ ನಿಲ್ಲುವಲ್ಲಿಯ ತನಕ.
ಆದರೂ ಎಡಗೈಗೆ ಸ್ಟಿಕ್ಕು ತಗೊಂಡೆ.
ತಲೆಕೆಳಗಾಗಿ, ಹಿಂದುಮುಂದಾಗಿ
ಬೆರಳಿಗೆ ತಣ್ಣಗೆ ತಾಗುತ್ತ ಬಂತು ಆ ವರ್ಷ.

ಮೊದಲು ಬಗದಾದ.
ವರ್ಷದ ಹತ್ತಿರ ಮುತ್ತಿಗೆಯಲ್ಲಿ ಬೆಂದ ಊರು,
ಚಳಿಯಲ್ಲಿ ಗಾದಿ ಬಿಟ್ಟಿಳಿದ ಖಲೀಫ
ಮುಂದಿನ ಚಳಿ ಕಾಣಲಿಲ್ಲ.
ಮಾಸ್ತರರು ಬರೆದದ್ದು ಎರಡೇ ಸಾಲು.
ನಾನು ನಡುವೆ ಒಂದು ಸೀಸದ ಪಟ್ಟಿ ಹೆಚ್ಚಿಗೆ ಸೇರಿಸಿದೆ,
ಉಸಿರಾಡಲಿ ಎಂದು.
ಯಾರೂ ಕೇಳಲಿಲ್ಲ.

ಆಮೇಲೆ ಕಾನ್‌ಸ್ಟಾಂಟಿನೋಪಲ್ಲು.
ಟಾವತ್ತು ಉಳಿದದ್ದು ಒಂದು, ಅದೂ ಮೂಗು ಮುರಿದದ್ದು.
ಕುದುರೆ ಪಳಗಿಸುತ್ತಿದ್ದವನೊಬ್ಬ
ಅರಸನ ಬಾಜೂಕ ಕಿರೀಟ ಇಟ್ಟುಕೊಂಡು ಕೂತ.
ಟ್ರೆಡಲ್ ತುಳಿಯುವ ಯಮನೂರಿ ಕೇಳಿ ನಕ್ಕ:
“ಹಂಗಾರ ನಮಗೂ ಒಂದ ದಿನ ಐತಿ.”
ಹಾಂ, ಆ ದಿನ ಬರುವ ಮುಂಚೆ
ರೋಲಿನ ಮಸಿ ಒರಸು ಅಂದೆ.

ಜ. ಪಾ. ನು.
ಅರಮನೆಯ ಹೆಬ್ಬಾಗಿಲು ಸುಟ್ಟಿತು.
ಹಚ್ಚಿದವರು ಯಾರೆಂಬ ದೂರಿನಲ್ಲಿ
ದೊಡ್ಡ ಮನುಷ್ಯರು ಗಡೀಪಾರಾದರು.
ಕೈ ಸ್ವಲ್ಪ ತಡೆಯಿತು ಇಲ್ಲಿ.
ಹೋದ ವರ್ಷ ಇವೇ ಮೂರು ಮೊಳೆ
ಬೇರೊಂದು ಬೆಂಕಿಗೆ ಜೋಡಿಸಿದ್ದೆ.

ಯಾರ್ಕ್ ಎಂಬ ಊರಿಗೆ, ಸಂತರ ಹಬ್ಬದ ದಿನ,
ಕಡಲು ದಾಟಿ ಬಂದವರು ಕುದುರೆ ಏರಿ ನುಗ್ಗಿದರು.
ಅರ್ಕಾವತ್ತು ಸಿಕ್ಕಿತು ಪುಣ್ಯಕ್ಕೆ.

ಕೊನೆಗೆ ನಮ್ಮ ಸೀಮೆ.
ಜ್ಯೇಷ್ಠದ ಅಮಾಸಿ, ಆದಿತ್ಯವಾರ, ಸೂರ್ಯನಿಗೆ ಗ್ರಹಣ.
ಮುಳಗುಂದದಾಚೆ ಹಳ್ಳದ ದಂಡೆಯ ಕಲ್ಲು;
ಮಾಸ್ತರರು ಹಸಿ ಕಾಗದ ಬಡಿದು, ಮಸಿ ಸವರಿ,
ಎತ್ತಿನ ಗಾಡಿಯಲ್ಲಿ ಸುರುಳಿ ತಂದದ್ದು.
ಲೋಕದ ಸುದ್ದಿ ಅದಕ್ಕೇನೂ ತಿಳಿಯದು.
ಯಾರೋ ಒಬ್ಬಳು, ಬಿಸಿಲು ಮರಳುವ ಮುಂಚೆ,
ನಂದಾದೀವಿಗೆಗೆಂದು ಎರಡು ಮತ್ತರು ಕೆಯ್ ಬಿಟ್ಟಳು.
ಅಷ್ಟೇ ಅದರ ಸುದ್ದಿ.
ಕಂಡರಿಸಿದವನ ಹೆಸರಿದ್ದಲ್ಲಿ ಮಾತ್ರ
ಮೂಲೆ ಒಡೆದಿದೆ.

“ಅಲ್ಲಿ ಚುಕ್ಕಿ ಇಡು.”
“ಎಷ್ಟ್ರೀ ಮಾಸ್ತರ?”
“ಐದಕ್ಷರದ ಜಾಗಾ ಇರಬೇಕು, ನೋಡು.”

ಅವತ್ತು ಪೇಪರಿನಲ್ಲಿ ಕಲ್ಕತ್ತೆ ಇತ್ತು.
ಮಾಲಕರು ಗಲ್ಲೆಯಿಂದ ತಲೆ ಎತ್ತದೆ ಅಂದರು:
“ದೀಪಾ ಹಚ್ಚೋದರಾಗ ಮನೀ ಸೇರಿಬಿಡು ಇವತ್ತ.”
ಊರಿನಲ್ಲಿ ಏನೂ ಆಗಲಿಲ್ಲ.
ಎಲ್ಲರೂ ಎಂದಿನಂತೆ ಮಾತಾಡಿಸಿದರು,
ಸ್ವಲ್ಪ ಜೋರಾಗಿ.

ನಾನು ದೀಪ ಹಚ್ಚಿದ ಮೇಲೂ ಕೂತಿದ್ದೆ.
ಐದು ಚುಕ್ಕಿ ಕಿತ್ತೆ.
ದಾ, ವ, ಲ, ಸಾ, ಬ.
ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ,
ಮಾಡಿಸಿಟ್ಟಂತೆ ಕೂತಿತು.
ಒಂದೇ ಒಂದು ಪ್ರೂಫು ತೆಗೆದೆ.
ಮಸಿ ಆರುವ ತನಕ ಓದಿದೆ.
ಮತ್ತೆ ಮೊಳೆ ಕಿತ್ತು ಚುಕ್ಕಿ ಇಟ್ಟೆ,
ಕಳ್ಳತನ ತೊಳೆದಂತೆ ಕೈ ತೊಳೆದೆ.
ಪ್ರೂಫು ಟ್ರಂಕಿನ ತಳದಲ್ಲಿದೆ, ಮೇಲೆ ಹೆಂಡತಿಯ ಸೀರೆ.
ಅವಳಿಗೆ ಓದು ಬರುವುದಿಲ್ಲ;
ಹುಳ ಹತ್ತದಿರಲೆಂದು ಹಾಸಿದ್ದು ಅಂದುಕೊಂಡಿದ್ದಾಳೆ.

ಇನ್ನೂರು ಪ್ರತಿ. ಮೂವತ್ತು ಹೋದವು.
ಗ್ಯಾಲಿ ಬಿಚ್ಚಿ ಒಂದೊಂದೇ ಖಾನೆಗೆ ಎಸೆದೆ,
ಊರು ಊರೇ ಕರಗಿದವು ಸಣ್ಣ ಸದ್ದಿನಲ್ಲಿ.

ಸೋಮವಾರ ಬೆಟಗೇರಿಯ ಸೀರೆ ಅಂಗಡಿಯ ಲೆಕ್ಕದ ಪುಸ್ತಕ.
‘ಜಮಾ’ಕ್ಕೆ ಕೈ ಹಾಕಿದರೆ ಬಂದದ್ದು ಜಪಾನಿನ ಜ.
‘ಖರ್ಚಿ’ಗೆ ಯಾರ್ಕಿನ ಅರ್ಕಾವತ್ತು.
ಕೆಳಗೆ ‘ಒಟ್ಟು’ ಎಂಬಲ್ಲಿ
ಅದೇ ಟಾವತ್ತು, ಮೂಗು ಮುರಿದದ್ದು.
ಹುಬ್ಬಳ್ಳಿಯಿಂದ ಹೊಸದು ಬರುತ್ತದೆ ಅನ್ನುತ್ತಾರೆ ಮಾಲಕರು,
ಯುಗಾದಿಯಿಂದ ಅನ್ನುತ್ತಿದ್ದಾರೆ.