ಎರವಲು ಪೆನ್ಸಿಲ್

ಕಾದಂಬರಿಯ ಆ ಪರದೇಶಿಯ ಪಕ್ಕ
ಊರಲ್ಲಿ ಯಾರೂ ಯಾಕೆ ಕೂರಲಿಲ್ಲ?
ಟೂರ್ಬ್ಯೋರ್ಗ್ ಟೀಚರ್ ಬೋರ್ಡಿನ ಮೇಲೆ ಬರೆದರು.
ವಾರ್ಡೊದಲ್ಲಿ ಸೂರ್ಯ ಹುಟ್ಟದೆ ಆಗಲೇ ಇಪ್ಪತ್ತು ದಿನ,
ಮಧ್ಯಾಹ್ನಕ್ಕೂ ದೀಪ.

ನನ್ನ ಪೆನ್ಸಿಲ್ ಮುರಿಯಿತು.
ಹಿಂದಿನ ಬೆಂಚಿಂದ ಅಸ್ಲಾಕ್
ಮಾತಿಲ್ಲದೆ ತನ್ನದನ್ನು ಚಾಚಿದ.
ಅವನ ಕೋಟಿಗೆ ಹೊಗೆಯ, ಹಿಮಸಾರಂಗದ ತೊಗಲಿನ ವಾಸನೆ;
ಅದಕ್ಕೇ ಇಡೀ ಬೆಂಚು ಅವನೊಬ್ಬನದೇ.

ಬರೆದೆ, ಕಣ್ಣು ತುಂಬಿ ಬರೆದೆ
ಮೂರು ಪುಟ.
ಆರಕ್ಕೆ ಆರು ಅಂಕ.
ಟೀಚರ್ ಗಟ್ಟಿಯಾಗಿ ಓದುವಾಗ
ಶರ್ಸ್ತಿ ಮೂಗು ಒರೆಸಿಕೊಂಡಳು.
ಖಾಲಿ ಹಾಳೆ ಕೊಟ್ಟನೆಂದು
ಅಸ್ಲಾಕ್ ಬೈಸಿಕೊಂಡ.
ಅವನೂ ಏನೂ ಹೇಳಲಿಲ್ಲ.

ಪೆನ್ಸಿಲ್ ಮರಳಿಸಿದೆನೋ ಇಲ್ಲವೋ
ನೆನಪಿಲ್ಲ.
ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು
ಬರೆಯಲು ಕೂತಾಗ ಈಗಲೂ
ಬೆರಳಿಗೆ ಸಿಗುತ್ತದೆ,
ಕೈಯಲ್ಲಿರುವುದು ಬೇರೆ ಪೆನ್ಸಿಲ್ ಆದರೂ.