ಒರೆಗಲ್ಲು

ಅಶೋಕ ರಸ್ತೆಯಿಂದ ಒಳಕ್ಕೆ ಮೂರನೇ ಸಂದಿ.
ಪುಟ್ಟಲಿಂಗಾಚಾರ್ ಅಂಗಡಿಯೆಂದರೆ
ಒಂದು ಚಾಪೆ, ಒಂದು ಅಗ್ಗಿಷ್ಟಿಕೆ.
ತೀರಿಹೋದ ಸೋದರತ್ತೆಯ ಬಳೆ ಮಾರಲು ಬಂದಿದ್ದೇನೆ,
ಇಪ್ಪತ್ತಾರು ವರ್ಷ ವಿಜ್ಞಾನದ ಪಾಠ ಹೇಳಿದವಳು:
ತೊಟ್ಟಿಯಿಂದೆದ್ದು ಒದ್ದೆ ಮೈಯಲ್ಲೇ
ಬೀದಿಗೆ ಓಡಿದವನ ಕಥೆ,
ಕಿರೀಟ, ನೀರು, ಕಲಬೆರಕೆ.
ಅವನ ಹೆಸರು ಸರಿಯಾಗಿ ಬರೆದರೆ ಅರ್ಧ ಅಂಕ.

ಆಚಾರ್ ಬಳೆಯನ್ನು ನೀರಿಗೆ ಹಾಕಲಿಲ್ಲ.
ತೊಡೆಯಡಿಯಿಂದ ಅಂಗೈಯಗಲ ಕರಿಕಲ್ಲು ತೆಗೆದು
ಒಮ್ಮೆ ಎಳೆದರು.
ಬಾಗಿಲ ಬಿರುಕಿನ ಬಿಸಿಲಿನಂಥ ಗೆರೆ.
ನೋಡಿದರು. ಏನೂ ಹೇಳಲಿಲ್ಲ.

ಅತ್ತೆ ಎಲ್ಲರನ್ನೂ ಒರೆಗೆ ಹಚ್ಚುತ್ತಿದ್ದಳು,
ಹಾಲಿನವನನ್ನು, ಬೀಗರನ್ನು,
ನನ್ನ ನೋಡಲು ಬಂದ ಮೂರು ಗಂಡುಗಳನ್ನು.
ತನ್ನ ಮಾತು ಮಾತ್ರ ಹದಿನಾರಾಣೆ,
ಗುಲಗಂಜಿಯಷ್ಟೂ ಸುಳ್ಳಿಲ್ಲ.
ಗುಲಗಂಜಿ ತಕ್ಕಡಿ ಏರಿದ್ದನ್ನು ಅವಳು ಕಂಡಿದ್ದಳೋ ಇಲ್ಲವೋ.
ಇಲ್ಲಿವೆ, ನಶ್ಯದ ಡಬ್ಬಿಯಲ್ಲಿ ಏಳೆಂಟು,
ಆಚಾರರ ಅಜ್ಜನ ಕಾಲದವು,
ಕೆಂಪು ಇನ್ನೂ ಮಾಸಿಲ್ಲ.

“ಈ ಉಪಾಯ ಮೊದಲು ಯಾರಿಗೆ ಹೊಳೆದಿದ್ದು?”
ಕೇಳಿಬಿಟ್ಟೆ, ಟೀಚರ್ ಚಾಳಿ.
“ಯಾರೋ. ಮೋಸ ಹೋದವನೇ ಇರಬೇಕು.”

ಅವನಿಗೆ ಪಟವಿಲ್ಲ, ಪಾಠವಿಲ್ಲ, ಅರ್ಧ ಅಂಕವಿಲ್ಲ.
ಅವನೂ ಬೀದಿಗೆ ಓಡಿದನೇನೋ,
ಬರೆದಿಡುವವರು ಆಗ ಮಲಗಿದ್ದರು.
ಜಗಳದಲ್ಲಿ, ಜಗಲಿಯಲ್ಲಿ
ಹೆಸರಿಲ್ಲದವನನ್ನು ನಾವು ದಿನಾ ಆಡುತ್ತೇವೆ.

“ಅರ್ಧಕ್ಕರ್ಧ ತಾಮ್ರ, ತಾಯಿ.
ಯಾರು ಮಾಡಿಸಿಕೊಟ್ಟದ್ದು?”
“ಅವಳಪ್ಪ. ಮದುವೆಗೆ.”
ಆಚಾರ್ ಹೆಬ್ಬೆರಳಲ್ಲಿ ಗೆರೆ ಒರೆಸಿದರು.

ನಲವತ್ತೊಂಬತ್ತು ವರ್ಷ ಕೈಯಲ್ಲೇ ಇತ್ತು,
ಒಂದು ದಿನವೂ ಈ ಸಂದಿಗೆ ತರಲಿಲ್ಲ.

ಬಳೆ ವಾಪಸು ಚೀಲಕ್ಕೆ ಹಾಕಿ ಎದ್ದೆ.
ಡಬ್ಬಿಯಲ್ಲಿ ಒಂದು ಗುಲಗಂಜಿ
ಕಪ್ಪನ್ನು ನನ್ನ ಕಡೆ ಮಾಡಿ ಕೂತಿತ್ತು.